ರೊಕ್ಕ ಕೊಟ್ಟರೂ ಸಾಫ್ಟ್‌ವೇರ್ ನಮ್ದಲ್ಲ!

ವಳಸಂಗ: ಲಾವಣಿಗೆ ಹೊಲ ಮಾಡಿದವನ ಹೆಸರು ಸಾತ್‌ಬಾರಾ ಉತಾರದಲ್ಲಿ ಮಾಲೀಕ ಅಂತ ಬರೋದಿಲ್ಲ. ಸೊಲ್ಲಾಪುರ-ಅಕ್ಕಲಕೋಟ ರಸ್ತೆಯ ಈ ಭಾಗದ ರೈತರಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ. ಆದರೆ ಅಂಗಡಿಗೋ ಪತಸಂಸ್ಥೆಗೋ ಸಾಫ್ಟ್‌ವೇರ್ ತಂದಾಗ ಮಾತ್ರ 'ರೊಕ್ಕ ಕೊಟ್ಟೇವಲ್ಲ, ಇನ್ನ ನಮ್ದ ಆತು' ಎನ್ನುವವರೇ ಜಾಸ್ತಿ.

ಈ ಪ್ರಶ್ನೆ ಬೆಂಗಳೂರಿನಿಂದ ಸುಪ್ರೀಂ ಕೋರ್ಟ್ ತನಕ ಹೋಗಿತ್ತು. ಅಲ್ಲಿನ ಇಂಜಿನಿಯರಿಂಗ್ ಅನಾಲಿಸಿಸ್ ಸೆಂಟರ್ ಆಫ್ ಎಕ್ಸಲೆನ್ಸ್ ಎಂಬ ಕಂಪನಿ ಅಮೆರಿಕದಿಂದ ಸಿದ್ಧ ಸಾಫ್ಟ್‌ವೇರ್ ತರಿಸಿತ್ತು. ಕಳಿಸಿದ ಹಣ ಕೃತಿಸ್ವಾಮ್ಯದ ರಾಯಲ್ಟಿ, ಅದರಲ್ಲಿ ತೆರಿಗೆ ಮುರಿದುಕೊಳ್ಳಬೇಕಿತ್ತು ಎಂದು ಆದಾಯ ತೆರಿಗೆ ಇಲಾಖೆ ಪಟ್ಟು ಹಿಡಿಯಿತು. 2011ರಲ್ಲಿ ಕರ್ನಾಟಕ ಹೈಕೋರ್ಟ್ ಇಲಾಖೆಯ ಮಾತು ಎತ್ತಿಹಿಡಿಯಿತು. 2021ರ ಮಾರ್ಚ್ 2ರಂದು ನ್ಯಾಯಮೂರ್ತಿ ಆರ್.ಎಫ್. ನಾರಿಮನ್ ಅವರಿದ್ದ ಮೂವರ ಪೀಠ ಅದನ್ನು ತಿರುವಿ ಹಾಕಿತು. ಇಂಥ ಲೈಸೆನ್ಸ್ ಕರಾರಿನಿಂದ ಸಿಗೋದು ಬಳಸುವ ಅನುಮತಿ ಮಾತ್ರ, ಕೃತಿಸ್ವಾಮ್ಯ ಕೈ ಬದಲಾಗಿಲ್ಲ. ಹಾಗಾಗಿ ಅದು ರಾಯಲ್ಟಿಯೂ ಅಲ್ಲ ಎಂದಿತು.

ಕಂಪನಿಗೆ ತೆರಿಗೆ ಉಳೀತು, ಖರೆ. ಆದರೆ ಅದೇ ತರ್ಕ ಕೊಂಡವರ ಕೈಯನ್ನೂ ಕಟ್ಟುತ್ತದೆ. ಪ್ರೋಗ್ರಾಮರ್ ಬರೆದ ಮೂಲ ಬರಹ, ಅಂದರೆ ಸೋರ್ಸ್ ಕೋಡ್, ಮಾಲೀಕನ ಬಳಿಯೇ ಇರುತ್ತದೆ. ಕಂಪ್ಯೂಟರ್‌ಗೆ ಮಾಡಿದ್ದನ್ನು ಮೊಬೈಲಿಗೆ ಹೊಂದಿಸಬೇಕೆಂದರೆ, ಇದಕ್ಕೆ ಪೋರ್ಟಿಂಗ್ ಎನ್ನುತ್ತಾರೆ, ಆತನನ್ನೇ ಕೇಳಬೇಕು.

'ನಾವು ಕೊಂಡಿಲ್ಲ, ಪರಿಚಯದ ಹುಡುಗನ ಕಡೆಯಿಂದ ಮಾಡಿಸೇವಿ' ಎನ್ನುವವರ ಪಾಡು ಇನ್ನೂ ನಾಜೂಕು. 1957ರ ಕೃತಿಸ್ವಾಮ್ಯ ಕಾಯ್ದೆಯಲ್ಲಿ ಸಾಫ್ಟ್‌ವೇರ್ ಸಹ ಸಾಹಿತ್ಯ ಕೃತಿಯೇ! ಪಗಾರದ ನೌಕರ ಕೆಲಸದ ಭಾಗವಾಗಿ ಬರೆದದ್ದು, ಬೇರೆ ಕರಾರು ಇಲ್ಲದಿದ್ದರೆ, ಧಣಿಯದು. ಗುತ್ತಿಗೆ ಮೇಲೆ ಹೊರಗಿನವರು ಬರೆದುಕೊಟ್ಟದ್ದು ಸಾಮಾನ್ಯವಾಗಿ ಬರೆದವರದೇ. ಹಕ್ಕು ಬರೆಸಿಕೊಳ್ಳಬೇಕಾದರೆ ಕಲಂ 19ರಂತೆ ಸಹಿ ಇರುವ ಲಿಖಿತ ಪತ್ರ ಬೇಕು. ಬಾಯಿಮಾತು ನಡೆಯೋದಿಲ್ಲ. ಪತ್ರದಲ್ಲಿ ಅವಧಿ ಹಾಕದಿದ್ದರೆ 5 ವರ್ಷ ಅಂತಲೇ ಲೆಕ್ಕ, ಪ್ರದೇಶ ಹೇಳದಿದ್ದರೆ ಭಾರತದೊಳಗೆ ಮಾತ್ರ.

ಮಾಡಿಕೊಟ್ಟ ಹುಡುಗ ನಾಳೆ ಪುಣೆಗೆ ನೌಕರಿಗೆ ಹೋದರೆ ಸೊಸೈಟಿಯ ಸಾಲದ ಲೆಕ್ಕ ತಿದ್ದುವವರು ಯಾರು? ಸೋರ್ಸ್ ಕೋಡ್ ಕೊಡಬೇಕೋ ಬೇಡವೋ, ಬೇರೆಯವರ ಕೈಲಿ ತಿದ್ದಿಸಬಹುದೋ, ಮೊಬೈಲಿಗೆ ಹೊಂದಿಸುವ ಹಕ್ಕು ಯಾರದು ಎಂಬುದೆಲ್ಲ ಕರಾರಿನಲ್ಲೇ ಬರಬೇಕು. ಕೊನೆಯ ಕಂತು ಕೊಡೋಕಿಂತ ಮೊದಲೇ ಇದನ್ನು ಬರೆಸಿಕೊಳ್ಳುವುದು ಲೇಸು. ರೊಕ್ಕ ಪೂರಾ ಸಂದ ಮೇಲೆ ಫೋನ್ ಎತ್ತುವವರು ಕಡಿಮೆ.