ಹೊಸ ಆಫೀಸೂ ಹಳೆಯ ಬರಹಗಳೂ

ಮೈಕ್ರೋಸಾಫ್ಟ್ ಕಂಪೆನಿಯವರು ತಮ್ಮ ಆಫೀಸ್ ತಂತ್ರಾಂಶದ 2016 ಮತ್ತು 2019ರ ಆವೃತ್ತಿಗಳಿಗೆ ಕೊಡುತ್ತಿದ್ದ ಆಸರೆಯನ್ನು 2025ನೆಯ ಇಸವಿ ಅಕ್ಟೋಬರ್ 14ನೆಯ ತಾರೀಖಿಗೆ ನಿಲ್ಲಿಸಿದರು. ಹಳೆಯದು ಒಡನೆ ಕೆಲಸ ಬಿಡಲಾರದು. ಆದರೆ ಅದರ ಕಳ್ಳಗಂಡಿಗಳನ್ನು ಮುಚ್ಚುವ ತಿದ್ದುಪಡಿಗಳು ಇನ್ನು ಬಾರವು. ಆದುದರಿಂದ ಹೊಸದನ್ನು ಹಾಕಿಸಿಕೊಳ್ಳುವುದು ಯುಕ್ತವೇ. ಹಾಗೆ ಮಾಡಿದರೆ ಹಿರಿಯರು ಬೆರಳಚ್ಚು ಮಾಡಿಟ್ಟ ವಂಶಾವಳಿಯೂ ಗೃಹಿಣಿಯ ಲೆಕ್ಕಪತ್ರಗಳೂ ಅಳಿದುಹೋಗುವುವೋ ಎಂಬ ಶಂಕೆಯು ನಮ್ಮ ವಾಚಕರಲ್ಲಿ ಅನೇಕರಿಗೆ ಇರಬಹುದು.

ಮೊದಲು ತಿಳಿಯತಕ್ಕದ್ದು ಇಷ್ಟು: ಓಲೆ ಬೇರೆ, ಓದುವವನು ಬೇರೆ. ವರ್ಡ್, ಎಕ್ಸೆಲ್‌ಗಳು ಓದುವವರು, ಕಡತಗಳು ಓಲೆಗಳು. ಹಳೆಯ ಆಫೀಸನ್ನು ತೆಗೆದುಹಾಕಿದ ಮಾತ್ರದಿಂದ ಡಾಕ್ಯುಮೆಂಟ್ಸ್ ಕೋಶದ ಕಡತಗಳು ನಾಶವಾಗವು. ಆದರೆ ದುರಸ್ತಿಗೆ ಬಂದ ಮನುಷ್ಯನು ಎಲ್ಲವನ್ನೂ ಹೊಸದಾಗಿ ಹಾಕುವೆನೆಂದು ಡಿಸ್ಕನ್ನೇ ಫಾರ್ಮ್ಯಾಟ್ ಮಾಡಿದನೆಂದರೆ, ಓಲೆಯ ಕಟ್ಟನ್ನೇ ಒಲೆಗೆ ಇಟ್ಟಂತಾಯಿತು. ಆತನು ಕೈಯಿಡುವ ಮುನ್ನವೇ ಪ್ರತಿಯನ್ನು ತೆಗೆದಿರಬೇಕು.

ಡಾಕ್ಯುಮೆಂಟ್ಸ್ ಒಂದನ್ನೇ ನಕಲು ಮಾಡಿದರೆ ಸಾಲದು. ಡೆಸ್ಕ್‌ಟಾಪಿನ ಮೇಲೆ ಹರಡಿದ ಕಡತಗಳುಂಟು. ನಾವು ಪದಕೋಶಕ್ಕೆ ಸೇರಿಸಿದ ಶಬ್ದಗಳೂ, ಪತ್ರದ ಮಾದರಿಗಳೂ ಆಪ್‌ಡೇಟಾ ಎಂಬ ಮರೆಯ ಕೋಶದಲ್ಲಿ ಇರುವುವು. ಔಟ್‌ಲುಕ್ಕಿನ ಹಳೆಯ ಅಂಚೆಯೂ ಕೆಲವೊಮ್ಮೆ ಅಲ್ಲಿಯೇ ಅಡಗಿರುವುದು. ಆದುದರಿಂದ ಔಟ್‌ಲುಕ್ಕನ್ನು ಮುಚ್ಚಿ, ಬಳಕೆದಾರನ ಹೆಸರಿನ ಕೋಶವನ್ನು ಸಮಗ್ರವಾಗಿ ಹೊರಗಿನ ಡಿಸ್ಕಿಗೆ ಇಳಿಸುವುದು ಲೇಸು. ಬಳಿಕ ಆ ಡಿಸ್ಕನ್ನು ಬೇರೊಂದು ಗಣಕಯಂತ್ರಕ್ಕೆ ಜೋಡಿಸಿ ನಾಲ್ಕಾರು ಕಡತಗಳನ್ನು ತೆರೆದು ನೋಡಬೇಕು. ತೆರೆದು ನೋಡದ ಪ್ರತಿಯನ್ನು ನಾವು ಪ್ರತಿಯೆಂದು ಎಣಿಸುವುದಿಲ್ಲ.

ಕನ್ನಡಿಗರಿಗೆ ಇನ್ನೊಂದು ವಿಶೇಷವಾದ ತೊಡಕುಂಟು. 1905ರಲ್ಲಿ ಮೈಸೂರಿನಲ್ಲಿ ಆರ್. ಶಾಮಶಾಸ್ತ್ರಿಗಳ ಕೈಗೆ ಬಂದ ಕೌಟಿಲ್ಯನ ಅರ್ಥಶಾಸ್ತ್ರದ ಓಲೆಗಳು ಗ್ರಂಥಲಿಪಿಯಲ್ಲಿದ್ದುವು. ಆ ಲಿಪಿಯನ್ನು ಅರಿಯದವನಿಗೆ ಅವು ಬರಿಯ ಗೀರುಗಳಾಗಿ ಕಾಣುತ್ತಿದ್ದುವು. ನುಡಿ, ಬರಹ ಮೊದಲಾದವುಗಳ ಹಳೆಯ ಫಾಂಟುಗಳಲ್ಲಿ ಬರೆದ ಕಡತಗಳ ಸ್ಥಿತಿಯೂ ಅಂತಹುದೇ. ಅವುಗಳ ಒಳಗೆ ಇರುವುದು ರೋಮನ್ ಅಕ್ಷರಗಳಿಗೂ ಇತರ ಚಿಹ್ನೆಗಳಿಗೂ ಸಲ್ಲುವ ಸಂಖ್ಯೆಗಳು. ಕನ್ನಡದ ವೇಷವನ್ನು ತೊಡಿಸುವುದು ಫಾಂಟು. ಫಾಂಟಿಲ್ಲದ ಹೊಸ ಯಂತ್ರದಲ್ಲಿ ತಾತನವರ ಆತ್ಮಕಥೆಯು ಅರ್ಥವಿಲ್ಲದ ಅಕ್ಷರರಾಶಿಯಾಗಿ ತೋರುವುದು. ಕಡತವು ಕೆಟ್ಟಿತೆಂದು ಅಳಿಸಿದವನೇ ಕೆಡಿಸಿದವನು! ಹಳೆಯ ಯಂತ್ರದ ಫಾಂಟ್ಸ್ ಕೋಶದಿಂದ ಆ ಫಾಂಟುಗಳನ್ನು ತಂದು ಸ್ಥಾಪಿಸಿದರೆ ಕನ್ನಡವು ಮರಳಿ ಕಾಣುವುದು.

ಅನಂತರ ಅವನ್ನು ಯೂನಿಕೋಡಿಗೆ ಪರಿವರ್ತಿಸಿಕೊಳ್ಳುವುದು ಒಳ್ಳೆಯದು. 1991ರಿಂದ ಯೂನಿಕೋಡಿನಲ್ಲಿ ಕನ್ನಡದ ಅಕ್ಷರಗಳಿಗೆ ಸ್ವಂತ ಸಂಖ್ಯೆಗಳಿವೆ. ಪರಿವರ್ತಕ ತಂತ್ರಾಂಶಗಳು ದೊರೆಯುತ್ತವೆ; ಆದರೆ ಅರ್ಕಾವತ್ತು, ಒತ್ತಕ್ಷರಗಳಲ್ಲಿ ಅವು ಎಡವುವುದುಂಟು. ಕಡತದ ನಡುವೆ ಇಂಗ್ಲಿಷಿನಲ್ಲಿ ಬರೆದ ಹೆಸರುಗಳನ್ನು ಕನ್ನಡವೆಂದೇ ಬಗೆದು ವಿರೂಪಗೊಳಿಸುವುದೂ ಉಂಟು. ಮೂಲವನ್ನು ಪಕ್ಕದಲ್ಲಿ ತೆರೆದಿಟ್ಟು ಸಾಲುಸಾಲಾಗಿ ಹೋಲಿಸತಕ್ಕದ್ದು. ಈ ಕೆಲಸಕ್ಕೆ ಮನೆಯ ಹಿರಿಯರಷ್ಟು ಯೋಗ್ಯರು ಬೇರೆ ಇಲ್ಲ.

2007ಕ್ಕೆ ಹಿಂದಿನ ಡಾಕ್ ಕಡತಗಳನ್ನು ಹೊಸ ವರ್ಡ್ ತೆರೆಯಬಲ್ಲುದು. ಡಾಕ್ಸ್ ರೂಪಕ್ಕೆ ತರುವುದಾದರೆ ಹಳೆಯದರ ಮೇಲೆಯೇ ಬರೆಯದೆ ಬೇರೆ ಹೆಸರಿನಿಂದ ಉಳಿಸಬೇಕು. ಹೋಲಿಕೆಯು ಕೊನೆಯ ಪುಟದವರೆಗೆ ಮುಗಿಯುವ ತನಕ ಹಳೆಯ ಯಂತ್ರವನ್ನು ಯಾರಿಗೂ ಕೊಡಬಾರದು.