ಮುದ್ದೆ ತಿನ್ನುವ ಮೀನಿಗೆ ಕಾವಲು ಯಾರು?

ಮಳವಳ್ಳಿ, ಹಲಗೂರು ದಾಟಿ ಮುತ್ತತ್ತಿಗೆ ಹೋಗುವವರಿಗೆ ಒಂದು ಮಾತು. ಮುತ್ತೆತ್ತರಾಯನಿಗೆ ಕೈಮುಗಿದು, ಹೊಳೆದಂಡೆಯಲ್ಲಿ ಊಟ ಮುಗಿಸಿ ಬಸ್ಸು ಹತ್ತುತ್ತೀರಿ. ಆ ಕಾವೇರಿಯ ಮಡುವಿನಲ್ಲೇ ಒಂದು ಜೀವ ಉಳಿಯುತ್ತೋ ಇಲ್ಲವೋ ಅನ್ನುವಂತಾಗಿದೆ. ಅದೇ ನಮ್ಮ ಬಿಳಿಮೀನು, ಸಾಹೇಬರ ಬಾಯಲ್ಲಿ ಮಹಶೀರ್.

ಸಣ್ಣ ಮೀನಲ್ಲ ಸ್ವಾಮಿ ಇದು! 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಕಬಿನಿಯಲ್ಲಿ ಹಿಡಿದದ್ದು 120 ಪೌಂಡು, ಅಂದರೆ 54 ಕಿಲೋ. 1977-78ರಲ್ಲಿ ಇಂಗ್ಲೆಂಡಿನ ಮೂವರು ಗಾಳಗಾರರು ಕಾವೇರಿಗೆ ಬಂದು ಹೋದ ಮೇಲೆ ಲೋಕಕ್ಕೆಲ್ಲ ಸುದ್ದಿಯಾಯಿತು. ಮುತ್ತತ್ತಿ ಪಕ್ಕದ ಭೀಮೇಶ್ವರಿಯಲ್ಲಿ ಗಾಳದ ಶಿಬಿರ ಎದ್ದಿತು. ದೊರೆಗಳು ವಿಮಾನದಲ್ಲಿ ಬಂದು ಗಾಳಕ್ಕೆ ಸಿಕ್ಕಿಸುತ್ತಿದ್ದದ್ದು ಏನು ಗೊತ್ತೆ? ಬೇಯಿಸಿ ನಾದಿದ ರಾಗಿ ಉಂಡೆ! ಮಂಡ್ಯದವರ ಮುದ್ದೆಗೆ ಮೀನೂ ಸೋತಿತ್ತು ಅನ್ನಿ.

ಹಿಡಿದ ಮೀನನ್ನು ತೂಗಿ, ಪಟ ತೆಗೆದು, ಮತ್ತೆ ಹೊಳೆಗೇ ಬಿಡುತ್ತಿದ್ದರು. ಹರಿಗೋಲು ಹಾಕಲು, ಮಡು ತೋರಿಸಲು ಸುತ್ತಲ ಹಳ್ಳಿಯವರೇ ಬೇಕು. ಹಿಂದೆ ಕದ್ದು ಮೀನು ಹೊಡೆಯುತ್ತಿದ್ದ ಕೆಲವರೇ ಸಂಬಳಕ್ಕೆ ಸೇರಿ ಕಾವಲುಗಾರರಾದರು. ಬದುಕಿರುವ ಮೀನೇ ಅನ್ನ ಕೊಡುವಾಗ ಸಿಡಿಮದ್ದು ಹಾಕುವವರನ್ನು ಸುಮ್ಮನೆ ಬಿಡುತ್ತಾರೆಯೇ?

ಆಮೇಲೆ ಕಾಯ್ದೆಯ ಮಾತು ಬಂತು. ಇದು ಕಾವೇರಿ ವನ್ಯಧಾಮ. 1972ರ ವನ್ಯಜೀವಿ ಕಾಯ್ದೆಯಂತೆ ಇಲ್ಲಿ ಗಾಳ ಹಾಕುವುದೂ ಬೇಟೆಯೇ ಎಂದಾಯಿತು. 2012ರ ಹೊತ್ತಿಗೆ ಶಿಬಿರಗಳ ಗಾಳದಾಟ ನಿಂತಿತು. ಕಾಯ್ದೆ ತಪ್ಪು ಅಂತ ಹೇಳುತ್ತಿಲ್ಲ. ಆದರೆ ಗಾಳದ ಜೊತೆಗೆ ಆ ಕಾವಲೂ ಹೋಯಿತಲ್ಲ?

ಇನ್ನೊಂದು ವಿಷಯ ಕೇಳಿ. ಕೆಳಗಡೆ ಗಾಳಿಬೋರೆ ಶಿಬಿರದಲ್ಲಿ 1998ರಿಂದ 2012ರವರೆಗೆ ಬರೆದಿಟ್ಟಿದ್ದ ಮೀನಿನ ಲೆಕ್ಕವನ್ನು ವಿಜ್ಞಾನಿಗಳು ತೆಗೆದು ನೋಡಿದರು. ಸಿಗುತ್ತಿದ್ದ ಮಹಶೀರ್ ಏನೋ ಹೆಚ್ಚಿತ್ತು. ಆದರೆ ಅವು ಹೊರಗಿನ ಹ್ಯಾಚರಿಯಿಂದ ತಂದುಬಿಟ್ಟ ನೀಲಿ ರೆಕ್ಕೆಯ ಜಾತಿಯವು. ನಮ್ಮ ಹೊಳೆಯದೇ ಆದ ಗೂನುಬೆನ್ನಿನ ಮಹಶೀರ್ ಕರಗುತ್ತಾ ಬಂದಿತ್ತು. ಅದಕ್ಕೆ ಶಾಸ್ತ್ರೀಯ ಹೆಸರು ಖಚಿತವಾದದ್ದೇ 2018ರಲ್ಲಿ: ಟಾರ್ ರಮಾದೇವಿ. ಅದೇ ವರ್ಷ ತೀವ್ರ ಅಪಾಯದ ಪಟ್ಟಿಗೂ ಸೇರಿತು. ಆ ಪಟ್ಟಿಯಲ್ಲಿ ಹುಲಿ ಇದಕ್ಕಿಂತ ಒಂದು ಮೆಟ್ಟಿಲು ಕೆಳಗಿದೆ!

ಹುಲಿಗೆ ಕಾವಲುಂಟು, ಕ್ಯಾಮೆರಾ ಉಂಟು. ನೀರೊಳಗಿನ ಹುಲಿಗೆ? ಅಣೆಕಟ್ಟು, ಮರಳು ಲೂಟಿ, ಸಿಡಿಮದ್ದು ಎಲ್ಲವನ್ನೂ ಅದು ಒಂದೇ ಸಮನೆ ಎದುರಿಸಬೇಕು. ಹೊಳೆಯ ಒಂದೊಂದು ಮಡುವನ್ನೂ ಬಲ್ಲವರು ಇಲ್ಲಿನ ಹಳ್ಳಿಗಳಲ್ಲಿ ಇನ್ನೂ ಇದ್ದಾರೆ. ಅವರನ್ನೇ ಸಂಬಳ ಕೊಟ್ಟು ಹರಿಗೋಲಿನಲ್ಲಿ ಕಾವಲಿಗೆ ಕೂರಿಸಲಿ. ಗಾಳ ನಿಲ್ಲಿಸಿದ ಸರ್ಕಾರಕ್ಕೆ ಸಿಡಿಮದ್ದು ನಿಲ್ಲಿಸುವುದು ಕಷ್ಟವೇ?