ಜಿನ್ ಬಾಟಲಿಯೊಳಗೆ ಮೆಣಸು, ಕೊತ್ತಂಬರಿ

2017ರಲ್ಲಿ ಗೋವಾದಿಂದ ‘ಗ್ರೇಟರ್ ದ್ಯಾನ್’ ಬಂತು, ಮರುವರ್ಷ ‘ಸ್ಟ್ರೇಂಜರ್ ಅಂಡ್ ಸನ್ಸ್’. ಈಗ ಯಾವ ಜಿನ್ ತಗೋಬೇಕು ಅಂತ ಕುಡಿಯೋರೇ ತಲೆ ಕೆರ್ಕೊಳ್ಳುವಷ್ಟು ಬ್ರ್ಯಾಂಡ್‌ಗಳು. ರೈತರಿಗೆ ಇದರಲ್ಲೇನಿದೆ?

ಜಿನ್‌ಗೆ ಜುನಿಪರ್ ಕಾಯಿ ಬೇಕೇ ಬೇಕು. ಅದು ಹಿಮಾಲಯದಂಥ ತಂಪು ಸೀಮೆಯ ಗಿಡ; ನಮ್ಮಲ್ಲಿ ನೆಡೋಕೆ ಹೋಗಬೇಡಿ. ಆದರೆ ಒಂದೊಂದು ಬ್ರ್ಯಾಂಡಿಗೆ ಒಂದೊಂದು ರುಚಿ ಕೊಡೋದು ಕೊತ್ತಂಬರಿ ಬೀಜ, ಕಾಳುಮೆಣಸು, ಜಾಯಿಕಾಯಿ, ನಿಂಬೆ ಜಾತಿಯ ಸಿಪ್ಪೆ. ಅವೂ ಲೀಟರಿಗೆ ಕೆಲವೇ ಗ್ರಾಂ ಸಾಕು. ಹಾಗಾಗಿ ಈ ಹುಚ್ಚು ನಂಬಿ ಹೊಸ ತೋಟ ಹಾಕಬೇಡಿ. ಇರುವ ಮೆಣಸನ್ನೇ ತೇವಾಂಶ ಶೇ. 11ಕ್ಕೆ ಇಳಿಯುವಂತೆ ಒಣಗಿಸಿ, ವಿಂಗಡಿಸಿ, ಬೂಸ್ಟು ಬರದಂತೆ ಇಡಿ. ಜಿನ್‌ನವರು ಬರದಿದ್ದರೂ ಆ ಮಾಲಿಗೆ ಮಸಾಲೆ ಪೇಟೆ ಇದ್ದೇ ಇದೆ.